ಏಳನೇ ಕಂತು

"ಇಂಥಾ ಕಲೆ ಇಟ್ಕೊಂಡು ಹತ್ತು ವರ್ಷ ಗ್ರೀಸ್ ಬಳ್ಕೊಂಡು ಕೂತಿದ್ಯಲ್ಲಯ್ಯಾ!" ಎಂದ ಲಿಫ್ಟ್ ಕಂಪನಿಯ ಮ್ಯಾನೇಜರ್. ಅವನ ಕಂಪ್ಯೂಟರಿನಲ್ಲಿ, ಎದುರು ಕೂತಿದ್ದ ಮೆಕ್ಯಾನಿಕ್ ಬರೆದ ಆಕಾಶನೌಕೆ ಹಾರುತ್ತಿತ್ತು. ಭಾನುವಾರಗಳಂದು ಸುಮ್ಮನೆ ಖುಷಿಗೆ ಮಾಡಿ ಇಂಟರ್ನೆಟ್ಟಿಗೆ ಹಾಕುತ್ತಿದ್ದ ಕಾರ್ಟೂನು ಅದು. ಚಿತ್ರ ಇವನದು, ಕ್ಯಾಪ್ಟನ್ನಿನ ಧ್ವನಿ ತಂಗಿಯ ಗಂಡನದು. ಅದೇ ಕಂಪನಿಯಲ್ಲಿ ಇವನ ಜೊತೆಯೇ ದುಡಿಯುತ್ತಿದ್ದ ಆ ಭಾವಮೈದುನ ಹದಿನೆಂಟು ದಿನದ ಹಿಂದೆ ಒಂಬತ್ತನೇ ಮಹಡಿಯಲ್ಲಿ ಬಾಗಿಲು ತೆರೆಯಿತೆಂದು ಕಾಲಿಟ್ಟಿದ್ದ. ಲಿಫ್ಟ್ ಅಲ್ಲಿರಲಿಲ್ಲ.

"ಹೆಡ್ ಆಫೀಸಿನವ್ರು ಬಿದ್ದು ಬಿದ್ದು ನಕ್ಕರಂತೆ. ಇನ್ಮೇಲೆ ನಮ್ಮ ಸೇಫ್ಟಿ ವಿಡಿಯೋ ಎಲ್ಲಾ ನೀನೇ ಮಾಡ್ಬೇಕು. ನಿಂದೇ ರೂಮು, ಹೊಸ ಕಂಪ್ಯೂಟ್ರು." ಮ್ಯಾನೇಜರ್ ಟೀ ಲೋಟ ಸರಿಸಿದ. "ಆ ಏಳನೇ ಕಂತೊಂದು ತೆಗೆದ್ಬಿಡು."

ಏಳನೇ ಕಂತಿನಲ್ಲಿ ನೌಕೆಯ ಬಾಗಿಲಿನ ಲಾಕ್ ಕೆಡುತ್ತದೆ. ಹೊಸದು ಬರುವುದು ತಡ, ಒಂದು ವೈರ್ ಸಿಕ್ಕಿಸಿ ಓಡಿಸು ಎಂದು ಭೂಮಿಯಿಂದ ಆಜ್ಞೆ ಬರುತ್ತದೆ. ಕ್ಯಾಪ್ಟನ್ ಬೈಯುತ್ತಲೇ ಸಿಕ್ಕಿಸುತ್ತಾನೆ. ಲಿಫ್ಟ್ ಬಂದಿಲ್ಲದಿದ್ದರೂ ಬಾಗಿಲು ತೆರೆದುಕೊಳ್ಳುವಂತಾಗುವ, ಲಿಫ್ಟಿನವರ ಈ ಕಳ್ಳದಾರಿಯನ್ನು ಇಬ್ಬರೂ ನಗುತ್ತಾ ನಗುತ್ತಾ ಬರೆದಿದ್ದರು. ಅದನ್ನು ಹಾಕಿದ ಆರನೇ ದಿನಕ್ಕೆ ಭಾವಮೈದುನ ಸತ್ತ.

"ಅವನ ಅಜಾಗರೂಕತೆ ಅಂತ ರಿಪೋರ್ಟಲ್ಲಿ ಬರ್ದಿದೀರಿ ಸಾರ್. ಆ ಲಿಫ್ಟಿಗೆ ವೈರ್ ಹಾಕು ಅಂದಿದ್ದು ನೀವು. ಫೋನಲ್ಲಿ ನೀವಂದ ಮಾತನ್ನೇ, ತಾರೀಖು ಸಮೇತ, ಭೂಮಿಯ ಆಜ್ಞೆ ಅಂತ ಏಳನೇ ಕಂತಿಗೆ ಹಾಕಿದ್ವಿ; ಅದೊಂದರಲ್ಲೇ ಇರೋದು."

"ಸತ್ತೋರು ವಾಪಸ್ ಬರ್ತಾರೇನಯ್ಯಾ? ತಂಗಿ, ಅವಳ ಮಗು, ಎಲ್ಲಾ ಈಗ ನಿನ್ನ ತಲೆ ಮೇಲೆ. ನಾಳೆಯಿಂದ ಬರ್ಬೇಡ ಅಂದ್ರೆ ಏನ್ಮಾಡ್ತೀಯ?"

ಮೆಕ್ಯಾನಿಕ್ಕಿಗೆ ಎದ್ದು ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ. ತನ್ನ ಲ್ಯಾಪ್‌ಟಾಪ್ ತೆರೆದು ಇಂಟರ್ನೆಟ್ಟಿನಿಂದ ಕಂತನ್ನು ಅಳಿಸಿದ. ಮ್ಯಾನೇಜರ್ ಬೆನ್ನ ಹಿಂದೆ ಬಂದು ನಿಂತು, "ಒರಿಜಿನಲ್ಲೂ" ಎಂದ. ಅದೂ ಹೋಯಿತು. ಥೂ ನನ್ನ ಜನ್ಮಕ್ಕಿಷ್ಟು, ಎಂದುಕೊಂಡು ಮೆಕ್ಯಾನಿಕ್ ಹೊರಬಿದ್ದ.

ಮನೆಯಲ್ಲಿ ಹೊಸ ಕೆಲಸದ ಸುದ್ದಿ ಕೇಳಿ ಎಷ್ಟೋ ದಿನದ ಮೇಲೆ ತಂಗಿಯ ಮುಖ ತುಸು ಅರಳಿತು. "ಅವರು ಹೇಳ್ತಾನೇ ಇದ್ರು, ಈ ಕಾರ್ಟೂನು ಒಂದಿನ ನಿನ್ನ ಕೈ ಹಿಡಿಯುತ್ತೆ ಅಂತ." ಕಣ್ಣೊರೆಸಿಕೊಂಡು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಲ್ಯಾಪ್‌ಟಾಪನ್ನು ಅಣ್ಣನ ಮುಂದೆ ಸರಿಸಿದಳು.

"ಇವತ್ತು ಸ್ವಲ್ಪ ಧೈರ್ಯ ಬಂದಿದೆ. ಏಳನೇದು ಹಾಕಣ್ಣಾ. ಅದ್ರಲ್ಲೇ ಅವರು ಜಾಸ್ತಿ ಮಾತಾಡೋದು."