ಬೋರ್ಡಿನ ಮೇಲಿನ ಕುಂಕುಮ

‘ಮಲಪ್ರಭಾ ನದಿ ರಾಮದುರ್ಗದಿಂದ ಸವದತ್ತಿಯ ಕಡೆಗೆ ಹರಿಯುತ್ತದೆ. ಸರಿಯೋ, ತಪ್ಪೋ?’

ಸ್ಮಾರ್ಟ್ ಬೋರ್ಡಿನಲ್ಲಿ ಮೂಡಿದ ಈ ಸಾಲನ್ನು ಶರ್ವರಿ ಟೀಚರು ಓದಿ ಮುಗಿಸುವುದೇ ತಡ, ಸವದತ್ತಿ ಹತ್ತಿರದ ಆ ಹೈಸ್ಕೂಲಿನ ಒಂಬತ್ತನೇ ತರಗತಿಗೆ ತರಗತಿಯೇ “ಸರಿ ಐತ್ರೀ ಅಕ್ಕೋರ!” ಎಂದು ರಾಗ ಎಳೆಯಿತು. ಒಬ್ಬೊಬ್ಬರೇ ಎದ್ದು ಹೋಗಿ ‘ಸರಿ’ ಎಂಬ ಚೌಕವನ್ನು ಒತ್ತಿ ಬಂದರು. ‘ತಪ್ಪು’ ಎಂಬ ಚೌಕದ ಹತ್ತಿರ ಯಾರ ಬೆರಳೂ ಸುಳಿಯಲಿಲ್ಲ. ಸುಳಿಯುವುದಾದರೂ ಹೇಗೆ? ಆಯುಧ ಪೂಜೆಯಂದು ಹೆಡ್ಮಾಸ್ತರು ರಘೋತ್ತಮ ಸರ್ ಕಾಯಿ ಒಡೆದು, ಬೋರ್ಡಿನ ಕೆಳಮೂಲೆಗೆ ಢಾಳಾಗಿ ಹಚ್ಚಿದ ಕುಂಕುಮ ಸರಿಯಾಗಿ ಆ ಚೌಕದ ಮೇಲೆಯೇ ಕೂತಿತ್ತು. ಕಸ ಹೊಡೆಯುವ ಸೀತವ್ವ ಕೂಡ ಅದೊಂದನ್ನು ಬಿಟ್ಟು ಸುತ್ತಲೂ ಒರೆಸುತ್ತಿದ್ದಳು.

ಕಿಟಕಿ ಪಕ್ಕದ ರಾಜೇಶ್ವರಿ ಮಾತ್ರ ಇನ್ನೂ ಎದ್ದಿರಲಿಲ್ಲ. ಅವಳ ಕಣ್ಣು ಕೈಯಲ್ಲಿದ್ದ ಟ್ಯಾಬಿನ ಮೇಲಿತ್ತು. ಅದರಲ್ಲಿ ವಾರಕ್ಕೊಂದು ಗುರಿ ಬರೆಯಬೇಕು, ಶನಿವಾರ ಶಾಲೆ ಬಿಡುವುದರೊಳಗೆ ಮುಗಿಸಿ ಟಿಕ್ ಹಾಕಬೇಕು, ಇದು ಶರ್ವರಿ ಟೀಚರ ಪದ್ಧತಿ. ಹಿಂದಿನ ಬೆಂಚಿನ ಆಕಾಶ ‘ಜಿಲ್ಲಾಧಿಕಾರಿ ಆಗುವುದು’ ಎಂದು ಬರೆದಾಗ ಅವರು ನಕ್ಕು, “ಆಗಪಾ, ಯಾರ್ ಬ್ಯಾಡಂದ್ರು? ಆದ್ರ ಈ ವಾರ ಏನ್ ಮಾಡತಿ, ಅದನ್ನ ಬರಿ” ಎಂದಿದ್ದರು. ರಾಜೇಶ್ವರಿ ಬರೆದದ್ದು ಹೀಗೆ: ‘ಎಲ್ಲರೂ ಹೂಂ ಅಂದಾಗ, ನನಗೆ ಅಲ್ಲ ಅನ್ನಿಸಿದರೆ, ಅಲ್ಲ ಅನ್ನುವುದು.’ ಹಿಂದಿನ ಶನಿವಾರವೂ ಟಿಕ್ ಬಿದ್ದಿರಲಿಲ್ಲ, ಅದರ ಹಿಂದಿನ ಶನಿವಾರವೂ. ಇವತ್ತು ಮತ್ತೆ ಶನಿವಾರ, ಕೊನೆಯ ಪಿರಿಯಡ್ಡು.

ಅವಳು ಎದ್ದಳು. “ಅಕ್ಕೋರ, ಅದು ತಪ್ಪೈತ್ರಿ.”

“ಏ, ಬೋರ್ಡಿಗಿಂತ ಶಾಣ್ಯಾಕಿ ಆದೇನ ನೀ?” ಆಕಾಶ ಹಿಂದಿನಿಂದ ಕಿಚಾಯಿಸಿದ. “ಪೂಜಿ ಮಾಡಿದ ಬೋರ್ಡ್ ಐತಿ. ಸುಳ್ಳ ಹೇಳತೈತೇನ?”

ಟೀಚರ ಮುಖದಲ್ಲಿ ಹೌದೂ ಇಲ್ಲ, ಅಲ್ಲವೂ ಇಲ್ಲ. “ಯಾಕ ತಪ್ಪು? ಕಾರಣ ಹೇಳವಾ.”

ರಾಜೇಶ್ವರಿ ಕೂರಲಿಲ್ಲ. “ರಾಮದುರ್ಗದಾಗ ನಮ್ಮ ಯಲ್ಲವ್ವಜ್ಜಿ ಮನಿ ಹೊಳಿ ದಂಡಿಗೇ ಐತ್ರಿ. ಇಲ್ಲಿ ನವಿಲುತೀರ್ಥ ಡ್ಯಾಮಿನ ಗೇಟ್ ತೆಗದ್ರಂದ್ರ ನಮ್ಮಪ್ಪ ಅಜ್ಜಿಗೆ ಫೋನ್ ಮಾಡ್ತಾನ್ರಿ, ‘ನೀರ್ ಬಿಟ್ಟಾರ, ಸಾಮಾನ ಮ್ಯಾಲ ಇಡು’ ಅಂತ. ಹೊಳಿ ಅಲ್ಲಿಂದ ಇಲ್ಲಿಗೆ ಬರೂದಾಗಿದ್ರ ಅಜ್ಜೀನ ನಮಗ ಫೋನ್ ಮಾಡಬೇಕಿತ್ತಲ್ರಿ?”

ಆಕಾಶ ಬೋರ್ಡಿನ ಸಾಲನ್ನು ಮತ್ತೊಮ್ಮೆ ಓದಿಕೊಂಡ.

“ಬಾಯಿಲೆ ಹೇಳಿದ್ರ ಆತೇನ? ಬಂದು ಒತ್ತು,” ಎಂದರು ಟೀಚರು.

ಬೋರ್ಡಿನ ಎದುರು ನಿಂತ ರಾಜೇಶ್ವರಿಯ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಕುಂಕುಮ. ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮಿದ ಸದ್ದು. ರೌಂಡಿಗೆ ಬಂದ ರಘೋತ್ತಮ ಸರ್ ಹೊಸ್ತಿಲ ಮೇಲೆ ನಿಂತಿದ್ದರು. “ಏ ಹುಡಿಗಿ, ಅಲ್ಲಿ ಕುಂಕುಮ ಅದ! ನೋಡಿಕೊಂಡು!”

ಸುಮ್ಮನೆ ‘ಸರಿ’ಯನ್ನೇ ಒತ್ತಿ ಬಂದು ಕೂತರೆ ಮುಗಿಯಿತು. ಟಿಕ್ ಮುಂದಿನ ಶನಿವಾರಕ್ಕೂ ಹಾಕಬಹುದು. ರಾಜೇಶ್ವರಿ ಉಂಗುರ ಬೆರಳಿನಿಂದ ಕುಂಕುಮವನ್ನು ಮೆಲ್ಲಗೆ ತೆಗೆದು, ಕಣ್ಮುಚ್ಚಿ ಹಣೆಗೆ ಹಚ್ಚಿಕೊಂಡಳು. ಕಣ್ತೆರೆದು ಆ ಚೌಕವನ್ನು ಒತ್ತಿದಳು.

ಎಲ್ಲರೂ ಒತ್ತಿ ಮುಗಿದದ್ದರಿಂದ, ಟೀಚರು ಮೊದಲೇ ತುಂಬಿಸಿಟ್ಟಿದ್ದ ಸರಿಯುತ್ತರ ಪರದೆಯ ತುಂಬ ಬೆಳಗಿತು: ‘ತಪ್ಪು.’

ಹೆಡ್ಮಾಸ್ತರು ಉತ್ತರ ನೋಡಲಿಲ್ಲ, ಮೂಲೆ ನೋಡಿದರು. “ಪೂಜಾ ಮಾಡಿದ ಕುಂಕುಮ ಯಾಕವಾ ಅಳಿಸಿದಿ?”

ರಾಜೇಶ್ವರಿ ಅವರತ್ತ ತಿರುಗಿ ನೆಟ್ಟಗೆ ನಿಂತಳು.

“ಅಳಸಿಲ್ರಿ ಸರ್. ಹಚ್ಕೊಂಡೇನ್ರಿ.”