ಅಧ್ಯಕ್ಷರ ಕಾರಿನ ಕಾಯಿಲೆ

ಹಾಲಿನ ಸಂಘದ ಚುನಾವಣೆ ಗೆದ್ದ ಒಂದೇ ತಿಂಗಳಲ್ಲಿ ಅಧ್ಯಕ್ಷರ ಕಾರು ಮೂರನೆಯ ಸಲ ಹಬೆ ಉಗುಳುತ್ತ ಗ್ಯಾರೇಜಿಗೆ ಬಂದಾಗ, ಮೇಸ್ತ್ರಿಗೆ ಕೈಲಿದ್ದ ಸ್ಪ್ಯಾನರನ್ನು ಎತ್ತಿ ಎಸೆಯುವಷ್ಟು ರೇಗಿತು. ಥರ್ಮೋಸ್ಟಾಟ್, ವಾಟರ್ ಪಂಪು, ರೇಡಿಯೇಟರ್ ಎಲ್ಲವನ್ನೂ ಬದಲಾಯಿಸಿ ಆಗಿತ್ತು.

"ಎಂಜಿನ್ ಒಳಗಿನ ಹೆಡ್ ಗ್ಯಾಸ್ಕೆಟ್ ಹೋಗಿರೋದು ಅಂತ ಊರೋರೆಲ್ಲ ಹೇಳ್ತಾವ್ರೆ. ನಿನಗೊಬ್ಬನಿಗೇ ಕಾಣ್ತಿಲ್ವಲ್ಲಯ್ಯ!" ಎಂದು ಅಧ್ಯಕ್ಷರು ಗುಡುಗಿದರು.

"ಗ್ಯಾಸ್ಕೆಟ್ ಹೋಗಿದ್ರೆ ಆಯಿಲ್‌ಗೆ ನೀರು ಸೇರ್ಬೇಕಿತ್ತು ಸಾರ್, ರೇಡಿಯೇಟರಲ್ಲಿ ಗುಳ್ಳೆ ಏಳ್ಬೇಕಿತ್ತು. ಎರಡೂ ಇಲ್ಲ. ನಾನು ಇಪ್ಪತ್ತು ಕಿಲೋಮೀಟರ್ ಓಡಿಸಿದ್ರೂ ಟೆಂಪರೇಚರ್ ಮುಳ್ಳು ಮೇಲೇಳಲ್ಲ."

"ಹಂಗಾದ್ರೆ ನಾನು ಕೂತ್ರೆ ಮಾತ್ರ ಕುದೀತದಾ?"

ಮೇಸ್ತ್ರಿ ಟ್ರಯಲ್‌ಗೆ ಹೊರಡುವ ಮುನ್ನ ಎಂದಿನಂತೆ ಕಾರಿನ ಮೂತಿಗೆ ಕಟ್ಟಿದ್ದ ಕೆಂಪು ಬೋರ್ಡನ್ನು ಬಿಚ್ಚಿದ. ಅಧ್ಯಕ್ಷರ ಹೆಸರು ಹೊತ್ತ ಗಾಡಿಯಲ್ಲಿ ತಾನು ಮೆರೆಯುವುದು ಮರ್ಯಾದೆಯಲ್ಲವೆಂದು ಪ್ರತಿ ಸಲವೂ ಅದನ್ನು ತೆಗೆದಿಟ್ಟು, ಬಂದ ಮೇಲೆ ಮತ್ತೆ ಕಟ್ಟಿಕೊಡುತ್ತಿದ್ದ. ಈ ಸಲ ಬೋರ್ಡು ಹಿಡಿದವನು ಹಾಗೇ ನಿಂತುಬಿಟ್ಟ. ಇಷ್ಟಗಲದ ಆ ಹಲಗೆ ರೇಡಿಯೇಟರಿನ ಮುಂದಿನ ಜಾಲರಿಯನ್ನು ಪೂರ್ತಿ ಮುಚ್ಚುತ್ತಿತ್ತು.

"ಸಿಕ್ತು ಸಾರ್! ಈ ಬೋರ್ಡು ಗಾಳಿಗೆ ಅಡ್ಡ ನಿಂತದೆ. ಇದೊಂದು ತೆಗೆದ್ರೆ ಸಾಕು, ಎಂಜಿನ್ ಮುಟ್ಟೋದೇ ಬೇಡ."

ಅಧ್ಯಕ್ಷರು ಬೋರ್ಡನ್ನು ಅವನ ಕೈಯಿಂದ ಕಿತ್ತುಕೊಂಡು, ತಮ್ಮ ಹೆಸರಿನ ಮೇಲೆ ಕೂತಿದ್ದ ಧೂಳನ್ನು ಟವೆಲಿನ ತುದಿಯಿಂದ ಒರೆಸಿದರು.

"ಹೆಡ್ ಗ್ಯಾಸ್ಕೆಟ್ಟೇ ಹೋಗಿರೋದು. ಎಂಜಿನ್ ಬಿಚ್ಚು."