ಹಿಂದಿನ ಚಕ್ರದ ಮೇಲಿನ ತಗಡು

ಮ್ಯಾಗ್ನೆಟ್ ಕಚ್ಚಲಿಲ್ಲ. ಕಾರಿನ ಬಣ್ಣಕ್ಕೆ ಗೀರು ಬೀಳದಿರಲೆಂದು ಅದನ್ನು ಹಳೆಯ ಕಾಲುಚೀಲದೊಳಗೆ ತುರುಕಿಕೊಂಡು ಬಂದಿದ್ದ ಆರ್ವಿಲ್, ಬಾಗಿಲು, ಬಾನೆಟ್ ಎಲ್ಲದರ ಮೇಲೂ ಆಡಿಸಿ ನೋಡಿದ್ದ. ಅಲ್ಲೆಲ್ಲ ಟಪ್ಪೆಂದು ಹಿಡಿದುಕೊಂಡಿತ್ತು. ಎಡಗಡೆಯ ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಇಟ್ಟಿದ್ದೇ ಜಾರಿ ಹುಲ್ಲಿಗೆ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಮುದುಕನಿಗೆ ಒಳಗೊಳಗೇ ಖುಷಿ. ಹಳೆಯ ಕಾರು ಕೊಳ್ಳಲು ಹೊರಟ ಮೊಮ್ಮಗಳು ಕೆಲ್ಸಿ ಅವನನ್ನು ಕರೆತಂದಿದ್ದೇ ಇದಕ್ಕಲ್ಲವೇ?

"ನೋಡಿದ್ಯಾ? ಇಲ್ಲಿ ತಗಡೇ ಇಲ್ಲ, ಬರೀ ಪುಟ್ಟಿ. ಮೇಲೆ ನೀಲಿ ಬಣ್ಣ ಬಳಿದು ಮದುಮಗಳ ಹಾಗೆ ನಿಲ್ಸಿದ್ದಾರೆ."

ಕಾರಿನ ಒಡತಿ ಲೋರೀನ್ ಮನೆಯ ಮೆಟ್ಟಿಲಿಳಿದು ಬಂದಳು. ಗಂಡ ಡ್ವೈಟ್ ಸತ್ತು ವರ್ಷವಾಗಿತ್ತು. ಅವನು ಮಗುವಿನಂತೆ ಸಾಕಿದ್ದ ಐವತ್ತು ವರ್ಷ ಹಳೆಯ, ಭಾರೀ ಎಂಜಿನ್ನಿನ ಮಸಲ್ ಕಾರನ್ನು ಅವಳೀಗ ಮಾರಲು ಹೊರಟಿದ್ದಳು. "ಅಲ್ಲಿ ತುಕ್ಕು ಹಿಡಿದಿದ್ದು ನಿಜ. ಆದ್ರೆ ಡ್ವೈಟ್ ಅದನ್ನ ಕತ್ತರಿಸಿ ಹೊಸ ತಗಡು ಹಾಕಿಸ್ದ. ನಂಗೆ ಚೆನ್ನಾಗಿ ನೆನಪಿದೆ."

"ಹಾಗಂತ ನಿಮ್ಮ ಹತ್ರ ಹೇಳಿದ್ರಾ?" ಆರ್ವಿಲ್ ನಕ್ಕ. "ಕಾರಿನ ವಿಷಯದಲ್ಲಿ ಹೆಂಡ್ತಿಗೆ ನಿಜ ಹೇಳಿದ ಗಂಡನ್ನ ನಾನಂತೂ ಕಾಣೆ."

ಚಳಿಗಾಲದಲ್ಲಿ ಹಿಮ ಕರಗಿಸಲು ಓಹಾಯೋದ ರಸ್ತೆಗಳಿಗೆ ಸುರಿಯುವ ಉಪ್ಪು ಎಂಥ ಕಾರನ್ನೂ ತಿಂದುಹಾಕುತ್ತದೆ. ಕಾರುಗಳ ತಗಡು, ಬಣ್ಣ ರಿಪೇರಿ ಮಾಡುವ ಬಾಡಿ ಶಾಪನ್ನು ನಲವತ್ತು ವರ್ಷ ನಡೆಸಿದ ಆರ್ವಿಲ್ ಬದುಕಿದ್ದೇ ಆ ಉಪ್ಪಿನ ಋಣದಲ್ಲಿ. ಪುಟ್ಟಿಯ ಹಿಂದೆ ಏನಿದೆ ಎಂದು ನೋಡುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಡಿಕ್ಕಿ ತೆರೆದು, ಒಳಗಿನ ಹಾಸು ಎತ್ತಿ ಟಾರ್ಚ್ ಬಿಟ್ಟ. ತಟ್ಟಿದರೆ ಟೊಳ್ಳು ಸದ್ದು ಬಾರದಂತೆ ಹಳೆಯ ಪೇಪರ್ ತುಂಬಿದ್ದರು. ಅದರಾಚೆ ಕಿಟಕಿಗೆ ಬಡಿಯುವ ಸೊಳ್ಳೆ ಜಾಲರಿ. ಜಾಲರಿಯ ಅಂಚನ್ನು ತಾಮ್ರದ ತಂತಿಯಿಂದ ಒತ್ತೊತ್ತಾಗಿ ಹೊಲಿದಿದ್ದರು.

ಅವನು ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದ. ತಾಮ್ರದ ತಂತಿಯಿಂದ ಹೊಲಿಯುವವನು ಇಡೀ ಜಿಲ್ಲೆಯಲ್ಲಿ ಒಬ್ಬನೇ ಇದ್ದ. ಆಗ ಈ ಕಾರು ಹಳದಿ ಬಣ್ಣದ್ದಾಗಿತ್ತು. ತಂದವನ ಮುಖವೂ ನೆನಪಿಲ್ಲ. ಕೈ ಬಿಗಿ ಇದ್ದ ಕಾಲವಿರಬೇಕು ಎಂದು ಮನಸ್ಸು ನೆಪ ಹುಡುಕಿತು. ಅದೂ ಸುಳ್ಳು. ಆ ವರ್ಷ ಅಂಗಡಿ ಭರ್ಜರಿಯಾಗಿ ನಡೆದಿತ್ತು. ಬೆಸುಗೆ ಹಾಕಲು ತನಗೆ ಬೇಜಾರಾಗಿತ್ತು, ಅಷ್ಟೇ.

ಕೆಲ್ಸಿಯೂ ಇಣುಕಿ ನೋಡಿದಳು. ನರ್ಸ್ ಕೆಲಸದಲ್ಲಿ ಮೂರು ವರ್ಷ ಕೂಡಿಟ್ಟು ಬಂದವಳು, ಸಿಟ್ಟು ಬಾರದೆ ಇದ್ದೀತೇ? "ಹೊಸ ತಗಡು ಅಂತ ಜಾಹೀರಾತಲ್ಲಿ ಬರ್ದಿದ್ರಲ್ಲಾ, ಇದು ಮೋಸ ಅಲ್ವಾ? ನಮ್ಮ ತಾತ ಇಂಥ ಕೆಲಸ ಮಾಡೋರನ್ನ ಕಂಡ್ರೆ ಉಗೀತಾರೆ. ಏನ್ ತಾತ?"

ಆರ್ವಿಲ್ ಟಾರ್ಚ್ ಆರಿಸಿದ. "ಹೋಗೋಣ ಬಾ. ಬೇರೆ ಕಾರು ಸಿಗುತ್ತೆ."

"ನಿಲ್ಲಿ," ಎಂದಳು ಲೋರೀನ್. ಅವಳ ಕತ್ತಿನವರೆಗೂ ಕೆಂಪೇರಿತ್ತು. ಇಂಥ ಕಾರು ಸಾಕುವವರು ಒಂದು ಚೀಟಿಯನ್ನೂ ಎಸೆಯುವುದಿಲ್ಲ. ಅದೆಲ್ಲ ಕಾರಿನ ಜೊತೆಗೇ ಕೈ ಬದಲಿಸುತ್ತದೆ. ಸೀಟಿನ ಮೇಲಿದ್ದ ದಪ್ಪ ಕಡತವನ್ನು ಅವಳು ಬಿಚ್ಚಿದಳು. "ಕಾರು ಬೇಡ ಅಂದ್ರೆ ಬಿಡಿ. ಆದ್ರೆ ಸತ್ತೋನಿಗೆ ಸುಳ್ಳುಗಾರ ಅನ್ನೋ ಹೆಸರು ಅಂಟಿಸಿ ಹೋಗಬೇಡಿ. ನನ್ನ ಕನ್ನಡಕ ಒಳಗಿದೆ. ತಗೋ, ನೀನೇ ಓದಮ್ಮ."

"ಬಿಡಿ, ಅದೆಲ್ಲ ಯಾಕೀಗ," ಎಂದು ಆರ್ವಿಲ್ ಕೈ ಚಾಚಿದ. ಅಷ್ಟರಲ್ಲಿ ಹಳದಿಗಟ್ಟಿದ ರಿಪೇರಿ ಬಿಲ್ಲು ಕೆಲ್ಸಿಯ ಕೈ ಸೇರಿತ್ತು.

"ಹಿಂದಿನ ಎಡಭಾಗ. ತುಕ್ಕು ಕತ್ತರಿಸಿ ಹೊಸ ಉಕ್ಕಿನ ತಗಡು. ಬೆಸುಗೆ. ಹಣ ಪೂರ್ತಿ ಸಂದಿದೆ..." ಓದುತ್ತಿದ್ದ ಕೆಲ್ಸಿ ನಿಂತಳು. ಬಿಲ್ಲಿನ ತಲೆಯಲ್ಲಿ ಕೆಂಪು ಅಚ್ಚಿನಲ್ಲಿ ಅಂಗಡಿಯ ಹೆಸರಿತ್ತು. ಕೆಳಗಿದ್ದ ವಾಲುಬರಹ ಪ್ರತಿ ಹುಟ್ಟುಹಬ್ಬಕ್ಕೆ ತಾತನಿಂದ ಅವಳಿಗೆ ಬರುವ ಕಾರ್ಡಿನದೇ. ಆರ್ವಿಲ್ ತನ್ನ ಬೂಟು ನೋಡುತ್ತ ನಿಂತಿದ್ದ. ಕಿವಿ ಸುಡುತ್ತಿತ್ತು. ಎಪ್ಪತ್ತಾರು ವರ್ಷದ ಬಾಳಿನಲ್ಲಿ ಅವನಿಗೆ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

"ಯಾರ ಅಂಗಡಿ ಅಂತಿದೆ?" ಎಂದಳು ಲೋರೀನ್.

ಕೆಲ್ಸಿ ಬಿಲ್ಲಿನಿಂದ ತಲೆ ಎತ್ತಲಿಲ್ಲ. "ಮೇಲ್ಗಡೆ ಮಾಸಿಹೋಗಿದೆ. ಕಾಣ್ತಿಲ್ಲ." ಬಿಲ್ಲನ್ನು ಎರಡಾಗಿ ಮಡಚಿ ತನ್ನ ಜೇಬಿಗೆ ಹಾಕಿಕೊಂಡಳು. "ನಿಮ್ಮ ಯಜಮಾನ್ರು ಸುಳ್ಳು ಹೇಳಿಲ್ಲ. ಹಾಗಂದಿದ್ದು ನನ್ನ ತಪ್ಪು, ಕ್ಷಮಿಸಿ. ನೀವು ಕೇಳಿದ ಬೆಲೆಗೇ ತಗೋತೀನಿ."

"ಕೆಲ್ಸಿ," ಎಂದ ಆರ್ವಿಲ್. ಅವಳು ಆಗಲೇ ಚೀಲದಿಂದ ಹಣ ತೆಗೆಯುತ್ತಿದ್ದಳು.

ಲೋರೀನ್ ಕಣ್ಣೊರೆಸಿಕೊಂಡು ಕೀಲಿ ಕೊಟ್ಟಳು. "ಎಂಥ ಕೆಲಸಗಾರ ಅಂತ ಡ್ವೈಟ್ ಕೊನೇವರೆಗೂ ಆ ಅಂಗಡಿಯವನನ್ನ ಹೊಗಳ್ತಿದ್ದ, ಪಾಪ. ಹೋಗ್ಲಿ ಬಿಡು. ಯಾರೋ ಏನೋ, ಇಷ್ಟೊತ್ತಿಗೆ ಅವನೂ ಸತ್ತಿರ್ತಾನೆ."

"ಇರಬಹುದು," ಎಂದಳು ಕೆಲ್ಸಿ, ತಾತನ ಕಡೆ ತಿರುಗದೆ.